ದ್ಯಾವೀರಮ್ಮನ ಬಲಗೈ

"ಚಾಚು ಅಂದ್ರೆ ಚಾಚ್ಬೇಕು ಕೈನ. ಬಳೆ ತೊಡಿಸ್ಕೊಳ್ಳಕ್ಕೆ ಬಂದಿದ್ದೀಯೇನಮ್ಮ, ಇದು ಬೇಕು ಅದು ಬೇಡ ಅಂತ ಆರಿಸ್ಕೊಂಡು ಕೂರಕ್ಕೆ? ಬಿಟ್ಟಿ ಕಾರ್ಡು ಹಿಡ್ಕೊಂಡು ಬಂದು ಮಹಾರಾಣಿ ಆಟ!"

ಕಾರ್ಡು ಟೇಬಲ್ಲಿನ ಚಿದಂಬರ ಇಡೀ ಕಾರಿಡಾರಿಗೆ ಕೇಳುವ ಹಾಗೆ ಇಷ್ಟು ಹೇಳಿ, ಹೆಬ್ಬೆಟ್ಟಿನ ಇಂಕ್ ಪ್ಯಾಡನ್ನು ದ್ಯಾವೀರಮ್ಮನ ಕಡೆಗೆ ತಳ್ಳಿದ. ಪ್ಯಾಡಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರವಿತ್ತು.

"ಬಳೆಗಾರನೂ ಮೊದ್ಲು ಮಲಾರ ಬಿಚ್ಚಿ ತೋರ್ಸ್ತಾನೆ ಸಾಮಿ," ಅಂದಳು ದ್ಯಾವೀರಮ್ಮ. "ಆಮೇಲೆ ಕೈ ಕೊಡವ್ವ ಅಂತಾನೆ. ಇನ್ನೊಂದು, ನಂಗೆ ಸೈನ್ ಬತ್ತದೆ. ಈ ಮಸಿ ನೀವೇ ಮಡೀಕಳಿ."

ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಾನು ಅಲ್ಲೇ ನೆಲ ಒರೆಸುತ್ತಿದ್ದೆ. ನಕ್ಕರೆ ಚಿದಂಬರ ನನ್ನ ಹೆಸರನ್ನು, ನನ್ನನ್ನು ಕೆಲಸಕ್ಕಿಟ್ಟ ಏಜೆನ್ಸಿಯವರಿಗೆ ಬರೆದು ಕಳಿಸುತ್ತಾನೆ ಎಂದು ಬಕೆಟ್ಟಿನೊಳಗೆ ಮುಖ ಬಗ್ಗಿಸಿಕೊಂಡೆ.

"ಹನ್ನೊಂದು ಗಂಟೆಗೆ ಡಾಕ್ಟ್ರು ಬರ್ತಾರೆ. ಅಷ್ಟೊತ್ತಿಗೆ ಸೈನೋ ಹೆಬ್ಬೆಟ್ಟೋ ಬಿದ್ದಿರ್ಬೇಕು. ಇಲ್ಲಾಂದ್ರೆ ಕೀಮೋನೂ ಇಲ್ಲ, ಏನೂ ಇಲ್ಲ, ನಿಮ್ಮೂರು ಗಂಡಸಿ ಬಸ್ ಹತ್ತು," ಅಂದ ಚಿದಂಬರ.

ನಮ್ಮದು ಅರಸೀಕೆರೆಯ ಖಾಸಗಿ ಕ್ಯಾನ್ಸರ್ ಆಸ್ಪತ್ರೆ. ಬುಧವಾರ ಕಾರ್ಡಿನವರ ಸರದಿ. ಸರ್ಕಾರದ ಕಾರ್ಡಿದ್ದರೆ ಔಷಧಿಗೆ ದುಡ್ಡು ಕೊಡಬೇಕಿಲ್ಲ. ಅದಕ್ಕೆ ಗಂಡಸಿ, ಜಾವಗಲ್, ಹಳೇಬೀಡು, ಗೆಂಡೆಹಳ್ಳಿ ಕಡೆಯ ಹೆಂಗಸರು ಮೊದಲ ಬಸ್ಸಿಗೇ ಬಂದು ಬೆಂಚು ಹಿಡಿಯುತ್ತಾರೆ. ನಾನು ಅಲ್ಲಿ ಒಂಬತ್ತು ವರ್ಷದಿಂದ ಕಸ ಗುಡಿಸಿ, ನೆಲ ಒರೆಸಿ, ಗಾಲಿಕುರ್ಚಿ ತಳ್ಳುವ ಸಾಕಮ್ಮ. ಸಂಜೆ ಕಾಲೇಜಿಗೆ ಹೋಗಿ ಪಿಯುಸಿ ಮಾಡಿಕೊಂಡಿದ್ದೇನೆ. ಅದರಿಂದ ಕೆಲಸವೇನೂ ಬದಲಾಗಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದನ್ನೆಲ್ಲ ಓದುವ ಚಟ ಮಾತ್ರ ಹತ್ತಿತು.

ದ್ಯಾವೀರಮ್ಮನಿಗೆ ಎಡ ಎದೆಯನ್ನೂ ಎಡ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಎಡಗೈಗೆ ಇನ್ನು ಮೇಲೆ ಸೂಜಿ ಚುಚ್ಚಕೂಡದು, ಭಾರ ಹೊರಿಸಕೂಡದು. ಉಳಿದದ್ದು ಬಲಗೈ. ಎರಡು ಕೀಮೋ ಆಗುವಷ್ಟರಲ್ಲಿ ಆ ಕೈಯ ನರಗಳು ತೆಂಗಿನ ನಾರಿನ ಹುರಿಯ ಹಾಗೆ ಗಟ್ಟಿಯಾಗಿದ್ದವು. ಹಿಂದಿನ ಬುಧವಾರ ನರ್ಸ್ ಮೇಧಿನಿ ನಾಲ್ಕು ಕಡೆ ಚುಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಸೂಜಿ ಕೆಳಗಿಟ್ಟಿದ್ದಳು. ಆ ಕೆಂಪು ಔಷಧಿ ನರದಿಂದ ಆಚೆ ಚೆಲ್ಲಿದರೆ ಮಾಂಸವನ್ನೇ ಸುಡುತ್ತದೆ. ಹಾಗಾಗಿ ತೋಳಿನ ಮೇಲ್ಭಾಗದಿಂದ ಒಂದು ಸಣ್ಣ ಕೊಳವೆ ತೂರಿಸಿ, ಒಳಗೊಳಗೇ ಹೃದಯದ ಹತ್ತಿರದ ತನಕ ಬಿಟ್ಟು, ಇನ್ನು ಐದು ತಿಂಗಳು ಅದರಲ್ಲೇ ಔಷಧಿ ಕೊಡುವುದೆಂದು ತೀರ್ಮಾನವಾಗಿತ್ತು. ಅದಕ್ಕೆ ಪಿಕ್ ಲೈನ್ ಅನ್ನುತ್ತಾರೆ. ಅದು ಇರುವ ಕೈಯನ್ನು ನೆನೆಸುವ ಹಾಗಿಲ್ಲ, ಬೀಸಿ ಕೆಲಸ ಮಾಡುವ ಹಾಗಿಲ್ಲ. ತೀರ್ಮಾನ ಮಾಡುವಾಗ ದ್ಯಾವೀರಮ್ಮ ಅಲ್ಲೇ ಇದ್ದಳು, ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

ನೀರಿನ ಫಿಲ್ಟರ್ ಹತ್ತಿರ ನಾನು ಲೋಟ ತೊಳೆಯುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ಜೊತೆಗೆ ಗಂಡ ಕೆಂಚಪ್ಪ. ಗಂಡಸಿ ದನದ ಸಂತೆಯಲ್ಲಿ ದಳ್ಳಾಳಿಗಳ ಪರವಾಗಿ ಹಗ್ಗ ಹಿಡಿಯುವ ಆಳು. ಮಾತು ಕಡಿಮೆ. ಹೆಗಲ ಮೇಲಿನ ಟವಲ್ಲೇ ಅವನ ಅರ್ಧ ಮಾತು.

"ಸಾಕವ್ವ, ಈ ಕೈ ನೋಡು," ಅಂದು ದ್ಯಾವೀರಮ್ಮ ಬಲಗೈ ಚಾಚಿದಳು. "ಕೊಬ್ರಿ ಸಾವ್ಕಾರ ರೇವಣಸಿದ್ದಪ್ಪನ ಅಟ್ಟದಲ್ಲಿ ಕಾಯಿ ಹನ್ನೊಂದು ತಿಂಗಳು ಒಣಗ್ತವೆ. ಅಲ್ಲಾಡ್ಸಿದ್ರೆ ಒಳಗೆ ಕೊಬ್ರಿ ಗಟಗಟ ಅನ್ಬೇಕು. ಆಮೇಲೆ ಚಿಪ್ಪಿಗೆ ಮಚ್ಚಲ್ಲಿ ತಟ್ಟಿ ತಟ್ಟಿ ಉಂಡೆ ತೆಗೀಬೇಕು, ಕೂದಲೆಳೆ ಬಿರುಕು ಬಿಡ್ದಂಗೆ. ನನ್ ಕೈಲಿ ಉಂಡೆ ಒಡೆಯಕ್ಕಿಲ್ಲ ಕಣವ್ವ. ಇಪ್ಪತ್ತು ವರ್ಷದಿಂದ ಒಡ್ದಿಲ್ಲ."

"ರೇವಣಸಿದ್ದಪ್ಪ ಏನಂತಾರೆ?"

ದ್ಯಾವೀರಮ್ಮ ಎದೆ ಉಬ್ಬಿಸಿ, ಇಲ್ಲದ ಮೀಸೆ ತಿರುವಿ, ಸಾಹುಕಾರನ ಗಂಟಲಲ್ಲೇ ಶುರು ಮಾಡಿದಳು. "'ನೋಡು ದ್ಯಾವೀರಿ, ನಾನು ಮಠದ ಭಕ್ತ, ಕರುಳಿರೋನು. ಎಲ್ಡು ಕೈ ಇದ್ರೆ ಬಾ. ಪೈಪು ಗೀಪು ನೇತಾಕ್ಕಂಡು ಬಂದು ನನ್ ಕೊಬ್ರಿ ಮುಟ್ಬ್ಯಾಡ, ಬಾಂಬೆ ಯಾಪಾರದೋರು ಹೇಸ್ಕತಾರೆ. ಬರಕ್ಕಾಗಲ್ವಾ, ಗೋಡೌನ್ ಪಕ್ಕದ ರೂಮಿನ ಬೀಗ ನನ್ ಕೈಗಿಟ್ಟು ಹೋಗು.' ಇಷ್ಟಂದು, ಬಾಯಿತುಂಬ 'ಶಿವಾ' ಅಂತ ಆಕಳಿಸ್ದ, ಮುಂಡೇಮಗ."

ನಾನು ನಕ್ಕೆ. ಆದರೆ ಆ ಕೈಗೆ ಕೊಳವೆ ಬಿತ್ತೆಂದರೆ ಕೆಲಸ ಹೋಯಿತು, ಕೆಲಸ ಹೋದರೆ ಅವರು ವಾಸವಿದ್ದ ಆ ರೂಮೂ ಹೋಯಿತು.

ನನಗೊಂದು ವಿಷಯ ಗೊತ್ತಿತ್ತು. ಹೇಳಬೇಕೋ ಬೇಡವೋ ಎಂದು ಲೋಟವನ್ನು ಮೂರು ಸಲ ತೊಳೆದೆ. ನಾನು ನರ್ಸ್ ಅಲ್ಲ. ತಪ್ಪು ಹೇಳಿ ಒಂದು ಜೀವಕ್ಕೆ ಏನಾದರೂ ಆದರೆ? ಕೊನೆಗೆ ಬಾಯಿ ಬಿಟ್ಟೆ.

"ದ್ಯಾವೀರಕ್ಕ, ಇನ್ನೂ ಎರಡು ಥರದ್ದು ಐತೆ. ಒಂದು ಎದೆಯಿಂದ ಹೊರಗೆ ಬತ್ತದೆ. ಇನ್ನೊಂದಕ್ಕೆ ಪೋರ್ಟ್ ಅಂತಾರೆ. ಗುಂಡಿಯಷ್ಟು ದಪ್ಪ, ಎದೆ ಚರ್ಮದ ಒಳಗೇ ಇಟ್ಟು ಹೊಲೀತಾರೆ. ಕೈಗೆ ಏನೂ ಇಲ್ಲ. ಮೇಲಿನ ಬೀರುವಿನಲ್ಲಿ ಒಂದು ಟ್ರೇ ಐತೆ, ಮೂರನ್ನೂ ಇಟ್ಟವ್ರೆ. ದಿನಾ ನಾನೇ ಧೂಳು ಹೊಡೀತೀನಿ. ಸ್ಪೆಷಲ್ ರೂಮಿನವರಿಗೆ ಡಾಕ್ಟ್ರು ಅದನ್ನ ತಗಂಡೋಗಿ ತೋರ್ಸಿ, ಯಾವುದು ಬೇಕು ಅಂತ ಕೇಳ್ತಾರೆ."

"ನಮ್ಗೆ?"

"ಕಾರ್ಡಿನೋರಿಗೆ ಆ ಟ್ರೇ ಈ ಕಡೆ ಬಂದಿದ್ದು ನಾನು ನೋಡಿಲ್ಲ."

ಕೆಂಚಪ್ಪ ಟವಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. "ನೀನು ಹೇಳಿದ ಆ ಎಲ್ಡನೇದು ಐತಲ್ಲ, ಅದ್ನ ಕೇಳಾಣ," ಅಂದ.

ಆಮೇಲೂ ನನಗೆ ಸಮಾಧಾನವಾಗಲಿಲ್ಲ. ಮೇಧಿನಿ ಸಿಸ್ಟರ್ ಔಷಧಿ ಬೆರೆಸುತ್ತಿದ್ದಲ್ಲಿಗೆ ಹೋಗಿ, ನಾನು ಹೇಳಿದ್ದೆಲ್ಲ ಒಪ್ಪಿಸಿ, ಸರಿಯಾ ಎಂದು ಕೇಳಿದೆ. ಅವಳು ತಲೆ ಎತ್ತದೆ ಮೆಲ್ಲಗೆ ಹೇಳಿದಳು: "ಸರಿಯಾಗೇ ಹೇಳಿದ್ದೀರ ಸಾಕಮ್ಮ. ಆದ್ರೆ ಮೇಧಿನಿ ಹೇಳಿದ್ಲು ಅಂತ ಎಲ್ಲೂ ಬಾಯಿ ಬಿಡ್ಬೇಡಿ. ನನ್ನದೂ ಕಾಂಟ್ರಾಕ್ಟೇ."

ಹನ್ನೊಂದೂ ಕಾಲಿಗೆ ಡಾಕ್ಟರ್ ಮುರಳೀಕೃಷ್ಣ ಬಂದರು. ಕೆಟ್ಟವರಲ್ಲ. ಯಾವಾಗಲೂ ಅವಸರದಲ್ಲಿರುವವರು. ಅವರು ದ್ಯಾವೀರಮ್ಮನ ಫೈಲು ತೆರೆದರು, ಚಿದಂಬರ ಪಕ್ಕದಲ್ಲಿ ನಿಂತ. ಇಬ್ಬರೂ ಅವಳ ತಲೆಯ ಮೇಲಿನಿಂದ ಇಂಗ್ಲಿಷಿನಲ್ಲಿ ಮಾತಾಡಿದರು. ಆಪರೇಷನ್ ಥಿಯೇಟರ್ ಖಾಲಿಯಿಲ್ಲ, ಪಿಕ್ ಆದರೆ ಇಲ್ಲೇ ಹತ್ತು ನಿಮಿಷ, ಇವರಿಗೆಲ್ಲ ವಿವರಿಸಿ ಪ್ರಯೋಜನವಿಲ್ಲ: ನನಗೆ ಅರ್ಥವಾದದ್ದು ಇಷ್ಟು.

ಕೆಂಚಪ್ಪನಿಗೆ ಅಷ್ಟೂ ಅರ್ಥವಾಗಲಿಲ್ಲ. ಆದರೆ ನೋಟ ಅವನಿಗೆ ಹೊಸದಾಗಿರಲಿಲ್ಲ. ನಡುವೆ ನಿಂತ ಒಂದು ಜೀವ, ಅದರ ಎರಡು ಕಡೆ ನಿಂತ ಇಬ್ಬರು, ಬೇರೆಯವರಿಗೆ ತಿಳಿಯದ ಮಾತು. ಸಂತೆಯಲ್ಲಿ ಬಾಯಿ ಏನೋ ಹೇಳುತ್ತಿರುತ್ತದೆ, ನಿಜವಾದ ಮಾತು ಟವಲ್ಲಿನ ಮರೆಯಲ್ಲಿ ಬೆರಳಿನಿಂದ ಬೆರಳಿಗೆ ಆಗುತ್ತದೆ. ಮರ್ಯಾದಸ್ಥರು ವ್ಯವಹಾರ ಮಾಡುವುದೇ ಹಾಗೆ ಎಂದು ಅವನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದವನು. ಅವನು ಟವಲ್ ತೆಗೆದು, ಶುದ್ಧವಾಗಲೆಂದು ಎರಡು ಸಲ ಕೊಡವಿ, ಚಿದಂಬರನ ಬಲಗೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗೆ ತೂರಿಸಿ, ಬಲು ಗೌರವದಿಂದ ಎರಡು ಬೆರಳು ಹಿಡಿದು ಅಮುಕಿದ.

ಚಿದಂಬರ ಹಾವು ಕಂಡವನ ಹಾಗೆ ಹಾರಿಬಿದ್ದ.

"ಲಂಚ! ಡಾಕ್ಟ್ರೇ, ಲಂಚ ಕೊಡೋಕೆ ಬರ್ತಿದ್ದಾನೆ ಈ ದನ ಕಾಯೋ ನನ್ಮಗ! ನನ್ನ ಕೈ ಹಿಡ್ಕೊಂಡ!"

"ಎಲ್ಡು ಬೆಳ್ಳು ಅಷ್ಟೇ ಬುದ್ಧೀ ನಾನು ಹಿಡಿದಿದ್ದು," ಅಂದ ಕೆಂಚಪ್ಪ, ಕೈ ಮುಗಿದು. "ಎಲ್ಡನೇದು ಆಗ್ಲಿ ಅಂತ."

ನೋಟು ಸಿಗುತ್ತದೆಂದು ಚಿದಂಬರ ಟವಲನ್ನು ಎಲ್ಲರೆದುರಿಗೆ ಜಾಡಿಸಿದ. ಒಂದು ಮೋಟು ಬೀಡಿ ಬಿತ್ತು. ಅದನ್ನು ಬೂಟಿನ ತುದಿಯಲ್ಲಿ ನನ್ನ ಕಡೆಗೆ ಒದ್ದು, ಗೋಡೆಯ ಬಾಟಲಿಯಿಂದ ಸ್ಯಾನಿಟೈಸರನ್ನು ಒಂದು ಸಲ, ಎರಡು ಸಲ, ಮೂರು ಸಲ ಒತ್ತಿಕೊಂಡು ಮೊಣಕೈ ತನಕ ಉಜ್ಜಿಕೊಂಡ. ಡಾಕ್ಟರನ್ನು ಮುಟ್ಟಿದಾಗ, ಫೈಲು ಮುಟ್ಟಿದಾಗ ಅವನು ಹಾಗೆ ಉಜ್ಜಿಕೊಂಡಿದ್ದನ್ನು ನಾನು ಕಂಡಿಲ್ಲ. ಸೆಕ್ಯುರಿಟಿಯವನು ಬಂದು ಕೆಂಚಪ್ಪನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳಿನಾಚೆ ಅವನ ಮುಖ ಕಾಣಿಸಿಕೊಂಡಿತು. ಟವಲ್ ಇಲ್ಲದ ಹೆಗಲು ಬೋಳುಬೋಳಾಗಿತ್ತು.

ದ್ಯಾವೀರಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಯ್ಯೋ ನಮ್ಮನೇವ್ರೇ, ನಿಮ್ ಯಾಪಾರ ಕುದುರಲಿಲ್ಲವಲ್ಲ!" ಎಂದು ಕಿಟಕಿಗೆ ಹೇಳಿ, ಕಣ್ಣೊರೆಸಿಕೊಂಡು, ಡಾಕ್ಟರ ಕಡೆ ತಿರುಗಿದಳು. ಆಮೇಲಿನ ಮಾತಿನಲ್ಲಿ ನಗುವಿರಲಿಲ್ಲ.

"ಡಾಕ್ಟ್ರೇ, ನಮ್ಮನೇವ್ರು ಟವಲ್ ಹಾಕಿದ್ದು ಈಗ. ನೀವಿಬ್ರೂ ಬಂದಾಗಿಂದ ಹಾಕ್ಕಂಡೇ ಮಾತಾಡ್ತಿದ್ದೀರ. ಸಂತೇಲಿ ದನದ ಕಣ್ಣೆದುರಿಗೇ ಯಾಪಾರ ಆಯ್ತದೆ, ದನ ಒಂದಕ್ಕೆ ಮಾತ್ರ ಏನೂ ತಿಳಿಯಕ್ಕಿಲ್ಲ. ನಾನು ದನ ಅಲ್ಲ. ಟವಲ್ ತೆಗೀರಿ. ಮೂರು ಥರ ಐತಂತೆ. ಮೂರೂ ತೋರ್ಸಿ. ಅಲ್ಲೀಗಂಟ ಈ ಕೈ ಸಿಗಾಕಿಲ್ಲ."

ಹಾಗೆಂದು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಕೂತಳು.

"ಮೂರು ಥರ ಅಂತ ನಿನಗ್ಯಾರು ಹೇಳಿದ್ದು?" ಚಿದಂಬರ ಕಿರುಚಿದ.

ನಾನು ಮಾಪನ್ನು ಬಕೆಟ್ಟಿಗೆ ಅದ್ದಿ ಹಿಂಡತೊಡಗಿದೆ. ದ್ಯಾವೀರಮ್ಮ ನನ್ನ ಕಡೆ ನೋಡಲೇ ಇಲ್ಲ. "ಮಲಾರದಲ್ಲಿ ಒಂದೇ ಥರದ ಬಳೆ ಇರ್ತದಾ ಸಾಮಿ?" ಅಂದಳು.

ಅದೇ ಬೆಂಚಿನಲ್ಲಿ ಬೇಲೂರಿನ ಕೋಮಲವಲ್ಲಮ್ಮ ಕೂತಿದ್ದರು. ಅವರ ಯಜಮಾನರು ಇದ್ದಾಗ ದೇವಸ್ಥಾನದ ಪಾಕಶಾಲೆಯಲ್ಲಿದ್ದರಂತೆ. ಬೆಳಿಗ್ಗೆಯಿಂದ ತಮಗೂ ದ್ಯಾವೀರಮ್ಮನಿಗೂ ನಡುವೆ ಒಂದು ಚೀಲವಿಟ್ಟುಕೊಂಡು, ಸೀರೆ ತಾಗದ ಹಾಗೆ ಕೂತವರು. ಅವರ ತೋಳಿನಲ್ಲಿ ನಾಲ್ಕು ತಿಂಗಳಿಂದ ಪಿಕ್ ಲೈನ್ ಇತ್ತು.

"ಡಾಕ್ಟರೇ, ನನಗೂ ಯಾರೂ ಕೇಳಲಿಲ್ಲ," ಅಂದರು ಅವರು ಇದ್ದಕ್ಕಿದ್ದ ಹಾಗೆ. "ವಾರ ವಾರ ಪ್ಲಾಸ್ಟರ್ ಬದಲಾಯಿಸಿಕೊಳ್ಳೋಕೆ ಎರಡು ಬಸ್ಸು ಹಿಡಿದು ಬರ್ತೀನಿ. ನಾಲ್ಕು ತಿಂಗಳಿಂದ ಮೈತುಂಬ ಒಂದು ಚೊಂಬು ನೀರು ಹಾಕಿಕೊಂಡಿಲ್ಲ. ನನ್ನ ಮಡಿಯೆಲ್ಲ ಈ ಪ್ಲಾಸ್ಟರಿನ ಕೆಳಗೆ ಸಿಕ್ಕಿಹಾಕಿಕೊಂಡು ಕೂತಿದೆ."

"ಬುಡಿ ಅಮ್ಮಾರೆ, ಅಲ್ಲಾದ್ರೂ ಬೆಚ್ಚಗೈತೆ," ಅಂದಳು ದ್ಯಾವೀರಮ್ಮ.

ಕೋಮಲವಲ್ಲಮ್ಮ ನಗಬಾರದೆಂದು ತುಂಬಾ ಪ್ರಯತ್ನಪಟ್ಟು, ಸೋತು ನಕ್ಕರು. ಚೀಲವನ್ನೆತ್ತಿ ಕಾಲ ಬುಡಕ್ಕಿಟ್ಟು, ದ್ಯಾವೀರಮ್ಮನ ಪಕ್ಕಕ್ಕೆ ಸರಿದು, ತಮ್ಮ ಕೈಯನ್ನೂ ಸೆರಗಿನೊಳಗೆ ಸೇರಿಸಿದರು. ಅವರನ್ನು ನೋಡಿ ಜಾವಗಲ್ಲಿನವಳು. ಆಮೇಲೆ ಹಳೇಬೀಡಿನ ಅಕ್ಕತಂಗಿಯರು, ಉಳಿದವರು. ಏಳು ಹೆಂಗಸರು, ಒಂದು ಕೈಯೂ ಕಾಣುತ್ತಿರಲಿಲ್ಲ.

"ಇದೇನ್ರೀ ಇದು, ಮುಷ್ಕರನಾ?" ಡಾಕ್ಟರು ಕನ್ನಡಕ ತೆಗೆದರು. ಸಿಟ್ಟೋ ನಗುವೋ ಅವರಿಗೇ ಗೊತ್ತಾಗುತ್ತಿರಲಿಲ್ಲ. "ಆ ಟ್ರೇ ಎಲ್ಲಿದೆಯೋ, ಯಾರ ಹತ್ರ ಇದೆಯೋ..."

ಎಲ್ಲಿದೆ ಎಂದು ಅಲ್ಲಿದ್ದವರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮೆಟ್ಟಿಲು ಹತ್ತುವಾಗ, ಬೇಡ ಸಾಕಮ್ಮ, ಮಗಳ ಫೀಸು, ಏಜೆನ್ಸಿಯವನ ಬಾಯಿ, ಒಂಬತ್ತು ವರ್ಷ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳಿಕೊಳ್ಳುತ್ತಲೇ ಮೊಳೆಯಿಂದ ಬೀಗದ ಕೈ ತೆಗೆದೆ, ಬೀರು ತೆರೆದೆ, ಟ್ರೇ ಎತ್ತಿಕೊಂಡು ಇಳಿದೆ. ಕೊಳವೆ ಎಲ್ಲಿ ಕೂರುತ್ತದೆಂದು ತೋರಿಸಲು ಮಾಡಿದ ರಬ್ಬರಿನ ಎದೆ ಟ್ರೇಯಲ್ಲಿ ಒಂದೊಂದು ಮೆಟ್ಟಿಲಿಗೂ ಅಲುಗಾಡುತ್ತಿತ್ತು.

"ಸಾಕಮ್ಮ! ಯಾರನ್ನ ಕೇಳಿ ತಂದೆ? ನಿನ್ನ ಕೆಲಸ ಹೋಯ್ತು ಅಂತಲೇ ತಿಳ್ಕೊ!" ಅಂದ ಚಿದಂಬರ.

"ಡಾಕ್ಟ್ರು ಎಲ್ಲಿದೆ ಅಂದ್ರು ಸಾರ್," ಅಂದೆ. ಟ್ರೇಯನ್ನು ಬೆಂಚಿನ ಮೇಲೆ, ಕೋಮಲವಲ್ಲಮ್ಮ ಸರಿದು ಖಾಲಿಯಾದ ಜಾಗದಲ್ಲಿ ಇಟ್ಟೆ.

ಹೆಂಗಸರೆಲ್ಲ ಸುತ್ತ ಕವಿದರು. ಗೆಂಡೆಹಳ್ಳಿಯಿಂದ ಅವತ್ತೇ ಮೊದಲ ಸಲ ಬಂದಿದ್ದ ಅಜ್ಜಿಯೊಬ್ಬಳು ಚಪ್ಪಟೆಯಾದ ಆ ರಬ್ಬರಿನ ಎದೆಯನ್ನು ಸವರಿ, "ಪಾಪ, ಇವ್ಳಿಗೆ ಎಲ್ಡೂ ತೆಗ್ದವ್ರೆ," ಅಂದಳು. ಕಾರಿಡಾರು ಬಿದ್ದು ಬಿದ್ದು ನಕ್ಕಿತು. ಮೇಧಿನಿ ಸಿಸ್ಟರ್ ಬಾಗಿಲಿಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು.

ಡಾಕ್ಟರಿಗೆ ಬೇರೆ ದಾರಿಯಿರಲಿಲ್ಲ. ಸ್ಟೂಲು ಎಳೆದು ಕೂತರು.

"ನೋಡಿ, ಇದು ಪಿಕ್. ಕೆಟ್ಟದ್ದಲ್ಲ. ಆಪರೇಷನ್ ಬೇಕಿಲ್ಲ, ಮುಗಿದ ಮೇಲೆ ಸುಲಭವಾಗಿ ತೆಗೀಬಹುದು. ಆದ್ರೆ ವಾರ ವಾರ ಪ್ಲಾಸ್ಟರ್, ನೀರು ಸೋಕಬಾರದು, ಆ ಕೈಗೆ ಜೋರು ಕೆಲಸ ಇಲ್ಲ. ಇದು ಎದೆಯ ಲೈನು. ಕೈಗೆ ಏನೂ ಇರಲ್ಲ, ಆದ್ರೆ ಬಾಲ ಎದೆ ಮೇಲೆ ನೇತಾಡ್ತಿರುತ್ತೆ. ಅದನ್ನೂ ಒಣಗಿಸಿ ಇಟ್ಕೋಬೇಕು. ಇದು ಪೋರ್ಟ್. ಚರ್ಮದ ಒಳಗೆ. ಗಾಯ ಮಾಯ್ದ ಮೇಲೆ ಸ್ನಾನ ಮಾಡಬಹುದು, ಹೊರಗೆ ಏನೂ ಇರಲ್ಲ. ಆದ್ರೆ ಹಾಕೋಕೆ ಸಣ್ಣ ಆಪರೇಷನ್, ತೆಗೆಯೋಕೆ ಇನ್ನೊಂದು. ಪ್ರತಿ ಸಲ ಔಷಧಿ ಕೊಡುವಾಗ ಮೇಲಿಂದ ಸೂಜಿ ಚುಚ್ಚಬೇಕು. ಮೂರರಲ್ಲಿ ಯಾವುದಕ್ಕಾದ್ರೂ ಕೀವಾಗಬಹುದು, ರಕ್ತ ಹೆಪ್ಪುಗಟ್ಟಬಹುದು. ಜ್ವರ ಬಂದ್ರೆ ಅವತ್ತೇ ಓಡಿ ಬರ್ಬೇಕು."

ಅಷ್ಟು ಹೇಳಲು ಅವರಿಗೆ ಹಿಡಿದದ್ದು ಐದು ನಿಮಿಷ. ಕನ್ನಡದಲ್ಲೇ ಹೇಳಿದರು, ಚೆನ್ನಾಗಿಯೇ ಹೇಳಿದರು.

ದ್ಯಾವೀರಮ್ಮ ಸೆರಗಿನಿಂದ ಬಲಗೈ ತೆಗೆದಳು. ರಬ್ಬರ್ ಚರ್ಮದ ಒಳಗಿನ ಪೋರ್ಟಿನ ಮೇಲೆ ಬೆರಳಿನ ಗಿಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದಳು. ಕಾಯಿ ಪರೀಕ್ಷಿಸುವವಳ ಮುಖ ಅದು.

"ಗಟ್ಟಿ ಐತೆ. ಮಚ್ಚು ಹಿಡೀಬೌದಾ?"

"ಮಚ್ಚಾ?"

"ಕೊಬ್ರಿ ಕೆಲ್ಸ ಡಾಕ್ಟ್ರೇ. ಕುಂತ್ಕಂಡು ತಟ್ಟೋದು."

ಡಾಕ್ಟರು ಆ ಕೈಯನ್ನು ಮೊದಲ ಸಲ ನೋಡಿದರು. ನರ ಹುಡುಕುವುದಕ್ಕಲ್ಲ. ಹೆಬ್ಬೆರಳಿನ ಬುಡದಲ್ಲಿ ಮಚ್ಚಿನ ಹಿಡಿ ಕೂತು ಕೂತು ಎದ್ದಿದ್ದ ಗಂಟನ್ನು ನೋಡಿದರು. "ಎರಡು ವಾರ ಮುಟ್ಟಬೇಡಿ. ಮೂಟೆ ಎತ್ತೋದು ಬೇಡವೇ ಬೇಡ. ಗಾಯ ಮಾಯ್ದು, ಮೈಯಲ್ಲಿ ಶಕ್ತಿ ಇದ್ರೆ, ನಾನು ನೋಡಿ ಹೇಳ್ತೀನಿ. ಆಗಬಹುದು."

"ಹಂಗಾದ್ರೆ ಇದೇ."

"ಕಾರ್ಡಲ್ಲಿ ಬರಲ್ಲ ಅದು," ಚಿದಂಬರ ಅಡ್ಡ ಬಾಯಿ ಹಾಕಿದ.

"ಬರುತ್ತೆ ಚಿದಂಬರ," ಅಂದರು ಡಾಕ್ಟರು, ನೆಲ ನೋಡುತ್ತಾ. "ಥಿಯೇಟರ್ ಸಿಗೋದಷ್ಟೇ ಕಷ್ಟ. ಮುಂದಿನ ಸೋಮವಾರದ ತನಕ ಕಾಯ್ಬೇಕಾಗುತ್ತೆ ಅಮ್ಮ."

"ಹನ್ನೊಂದು ತಿಂಗ್ಳು ಅಟ್ಟದ ಕಾಯಿ ಕಾಯೋರು ನಾವು. ಸೋಮವಾರ ಏನ್ ಮಹಾ."

ಅವಳು ಇಂಗ್ಲಿಷ್ ಪತ್ರದ ಮೇಲಿದ್ದ ಪಿಕ್ ಅನ್ನುವುದನ್ನು ಡಾಕ್ಟರ ಕೈಯಿಂದಲೇ ಹೊಡೆಸಿ ಹಾಕಿಸಿದಳು. ಪಕ್ಕದಲ್ಲಿ ಕನ್ನಡದಲ್ಲಿ 'ಪೋರ್ಟ್' ಎಂದು ಬರೆಸಿ, ನನ್ನಿಂದ ಎರಡು ಸಲ ಓದಿಸಿ, ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಒತ್ತಕ್ಷರ ಬರೆಯುವಾಗ ನಾಲಿಗೆ ಹೊರಗೆ ಬಂದಿತ್ತು. ಕಿಟಕಿಯಾಚೆಯಿಂದ ಕೆಂಚಪ್ಪ ಸರಳಿನೊಳಗೆ ಕೈ ತೂರಿಸಿ, "ಟವಲ್ ಕೊಡಿ ಬುದ್ಧೀ, ಬಿಸಿಲು," ಅಂದ. ಚಿದಂಬರ ಕೊಡಲಿಲ್ಲ. ಡಾಕ್ಟರೇ ಎದ್ದು ಹೋಗಿ ಕೊಟ್ಟುಬಂದರು.

"ಸರಿ. ಇನ್ನು ಮುಂದಿನವರು," ಅಂದರು ಅವರು ಗಡಿಯಾರ ನೋಡಿಕೊಂಡು. ಮುಂದಿನವಳು ಗೆಂಡೆಹಳ್ಳಿಯ ಅಜ್ಜಿ. "ನಿಮಗೆ ಪಿಕ್ಕೇ ಸಾಕು ಅಜ್ಜಿ, ವಯಸ್ಸಾಗಿದೆ, ಕುಯ್ಯೋದು ಯಾಕೆ. ಎಲ್ಲಿ, ಕೈ ಕೊಡಿ."

"ನಂಗೂ ಕುಯ್ಯೋದು ಬ್ಯಾಡ ಕಣಪ್ಪ, ಅದೇ ಇರ್ಲಿ ಅಂತೀನೇನೋ," ಅಂದಳು ಅಜ್ಜಿ. ಅಂದವಳು ಕೈ ಕೊಡಲಿಲ್ಲ. ಅದನ್ನು ಸೆರಗಿನೊಳಗೆ ಸೇರಿಸಿಕೊಂಡು, ಗಲ್ಲದಿಂದ ಟ್ರೇಯ ಕಡೆ ತೋರಿಸಿದಳು. "ಮೊದ್ಲಿಂದ ಹೇಳು. ನಂಗೆ ಬ್ಯಾರೆ ಹೇಳು."

ಡಾಕ್ಟರು ಸ್ಟೂಲನ್ನು ಮತ್ತೆ ಎಳೆದುಕೊಂಡರು.

"ಸಾಕಮ್ಮ! ಟ್ರೇ ಎತ್ತು ಅಲ್ಲಿಂದ! ಮೇಲಿಟ್ಟು ಬೀಗ ಹಾಕು!" ಚಿದಂಬರ ಫೋನು ಕಿವಿಗಿಟ್ಟುಕೊಂಡಿದ್ದ. ಆ ಕಡೆ ಏಜೆನ್ಸಿಯವನು 'ಹಲೋ, ಹಲೋ' ಅನ್ನುವುದು ನನಗೂ ಕೇಳುತ್ತಿತ್ತು.

ನಾನು ಸೊಂಟದ ಬಟ್ಟೆ ತೆಗೆದು ಟ್ರೇಯನ್ನು ಒರೆಸಿದೆ. ದಿನಾ ಒರೆಸುವ ಹಾಗೆಯೇ, ನಾಲ್ಕು ಮೂಲೆಯನ್ನೂ. ಬೀರುವಿನ ಬೀಗದ ಕೈಯನ್ನು ರವಿಕೆಯೊಳಗೆ ಹಾಕಿಕೊಂಡೆ. ಟ್ರೇಯನ್ನು ಬೆಂಚಿನ ಮೇಲೆಯೇ ಬಿಟ್ಟು, ಉಳಿದ ನೆಲ ಒರೆಸಲು ಹೋದೆ.